ಶಿವಕುಮಾರಿಯ ಕಾರು, ಸಾವ್ಕಾರರ ಗೇಣು

ಮಸ್ಕಿಯ ಬಟ್ಟೆ ವ್ಯಾಪಾರಿ ಅಮರಗುಂಡಪ್ಪನವರಿಗೆ ಸಂಸಾರದಲ್ಲಿ ಇದ್ದದ್ದು ಒಂದೇ ಸಂಕಟ: ಹೆಂಡತಿ ಶಿವಕುಮಾರಿಗೆ ಎಲ್ಲವೂ ಗೊತ್ತಿತ್ತು. ಗೊತ್ತಿದ್ದುದನ್ನು ಆಕೆ ಬಾಯಿಬಿಟ್ಟು ಹೇಳುತ್ತಲೂ ಇದ್ದಳು.

ತನ್ನ ತಮ್ಮ ಕೊಟ್ಟುಹೋದ ಹಳೆಯ ಗೇಮಿಂಗ್ ಕಂಪ್ಯೂಟರಿನಲ್ಲಿ ಆಕೆ ಕಾರ್ ರೇಸ್ ಆಡುತ್ತಿದ್ದಳು. (ಗಂಡಸರು ಕಟ್ಟೆಯ ಮೇಲೆ ದಿನವಿಡೀ ಇಸ್ಪೀಟು ಒಗೆದರೆ ಬೇಸರ ಕಳೆಯುವುದು, ಹೆಂಗಸು ಅರ್ಧ ತಾಸು ಕಾರು ಓಡಿಸಿದರೆ ಮನೆ ಹಾಳಾಗುವುದು! ಈ ತೀರ್ಪು ಬರೆದ ಮಹಾನುಭಾವರು ಯಾರೋ.) ಭಾನುವಾರ ಸಂಜೆ ಹಟ್ಟಿ ಊರಿನಲ್ಲಿರುವ ನಾದಿನಿ ಸಂಗಮ್ಮನ ಜೊತೆ ಆನ್‌ಲೈನ್ ಪಂದ್ಯ. ಸೋತವಳು ಗೆದ್ದವಳನ್ನು ದೀಪಾವಳಿಯವರೆಗೆ 'ಗುರುಗಳೇ' ಎಂದು ಕರೆಯಬೇಕು. ಆದರೆ ಪರದೆಗೆ ಚಿತ್ರ ಒದಗಿಸುವ ಗ್ರಾಫಿಕ್ಸ್ ಕಾರ್ಡಿಗೆ ಮುಪ್ಪು ಬಂದು, ತಿರುವಿನಲ್ಲೆಲ್ಲ ಕಾರು ಜವಳಗೇರಾದ ಗದ್ದೆಯಲ್ಲಿ ಹೂತ ಟ್ರ್ಯಾಕ್ಟರಿನಂತೆ ನಿಲ್ಲುತ್ತಿತ್ತು.

"ಸಿಂಧನೂರಿಗೆ ಹೋಗಿ ಹೊಸ ಕಾರ್ಡ್ ತರ್ತೀನ್ರೀ."

"ಗಂಡಸು ಮನ್ಯಾಗ ಇರಾಗ ನೀ ಯಾಕ ಹೋಗ್ತಿ? ನಾ ಆರಿಸಿ ತರ್ತೀನಿ."

"ಹಂಗಾದ್ರ ಕೇಳ್ರಿ. ನಮ್ದು ಹಳೆ ಕಂಪ್ಯೂಟರ್ ಪೆಟಿಗಿ. ಕಾರ್ಡ್ ಕರೆಂಟ್ ಜಾಸ್ತಿ ತಿನ್ನಬಾರದು. ಉದ್ದ ಒಂದು ಗೇಣು ಮೀರಬಾರದು. ಟೇಪ್ ಒಯ್ದು ನೋಡ್ರಿ."

"ಇಷ್ಟು ವರ್ಷ ಬಟ್ಟಿ ಅಳದಾವಗ ಟೇಪ್ ಬೇಕೇನ?"

ಗಿರಾಕಿ 'ಒಂದು ಗೇಣು ಬಟ್ಟೆ' ಎಂದರೆ 'ಮೀಟರ್ ಲೆಕ್ಕ ಹೇಳ್ರಿ' ಎಂದು ಗುಡುಗುವ ಸಾವ್ಕಾರರು ಬರಿಗೈಯಲ್ಲೇ ದಿಗ್ವಿಜಯಕ್ಕೆ ಹೊರಟರು.

ಸಿಂಧನೂರಿನಲ್ಲಿ ಕಂಪ್ಯೂಟರ್ ಅಂಗಡಿಯ ದಾನಿಷ್ ಒಂದೇ ಫ್ಯಾನಿನ ಗಿಡ್ಡ ಕಾರ್ಡ್ ತೋರಿಸಿದ.

"ಹಳೆ ಪೆಟಿಗಿ ಅಂತೀರಿ, ಅದಕ್ಕ ಇದ ಸರಿ, ಸಾವ್ಕಾರ್ರ."

"ಒಂಟಿ ಎತ್ತು ಕಟ್ಟಿ ಯಾರರ ಹೊಲ ಹೊಡೀತಾರೇನಪಾ? ಜೋಡಿ ಫ್ಯಾನಿಂದು ತಗಿ."

"ಹೊಂದಲಿಲ್ಲಂದ್ರ ನಾಳಿಗೇ ತಂದು ಬದಲಿಸ್ಕೊಳ್ರಿ ಮತ್ತ," ಎಂದ ದಾನಿಷ್.

ಸಾವ್ಕಾರರು ಜೋಡಿ ಫ್ಯಾನಿನ ಕಾರ್ಡಿನ ಮೇಲೆ ಹಸ್ತ ಚಾಚಿದರು. ಸರಿಯಾಗಿ ಒಂದು ಗೇಣು!

ಮನೆಯಲ್ಲಿ ಕಾರ್ಡು ಅರ್ಧ ಒಳಗೆ ಹೋಗಿ ಸಿಕ್ಕಿಕೊಂಡಿತು.

"ಜೋರಾಗಿ ನೂಕಲೇ!"

"ನೂಕಾಕ ಇದೇನು ಕೆಟ್ಟು ನಿಂತ ಬಸ್ಸೇನ್ರೀ? ಒಂದು ಗೇಣು ಅಂದಿದ್ನಲ್ಲ?"

"ಬರೋಬ್ಬರಿ ಒಂದು ಗೇಣು ಐತಿ, ನೋಡು!"

ಅವರು ಚಾಚಿದ ಕೈಯ ಪಕ್ಕ ಶಿವಕುಮಾರಿ ತನ್ನ ಕೈ ಚಾಚಿದಳು. ಆಕೆಯ ಗೇಣು ಮೂರು ಬೆರಳಗಲ ಕಡಿಮೆ.

"ಪೆಟಿಗಿ ಅಳದದ್ದು ಈ ಕೈರೀ."

ಮರುದಿನ ಭಾನುವಾರ, ಕಾರ್ಡು ಬದಲಿಸಲು ಬೆಳಗಿನ ಬಸ್ಸಿಗೆ ಆಕೆಯೇ ಹೊರಟಳು. ಬೈಗುಳವಿಲ್ಲ, ಗೊಣಗಾಟವಿಲ್ಲ. ಹೊಸ್ತಿಲು ದಾಟುವಾಗ ಒಂದೇ ಮಾತು: "ಎರಡು ಬೊಗಸಿ ಜೋಳದ ಹಿಟ್ಟು ನಾದಿ ರೊಟ್ಟಿ ಬಡೀರಿ."

ಮಧ್ಯಾಹ್ನ ಒಂಟಿ ಫ್ಯಾನಿನ ಕಾರ್ಡಿನೊಡನೆ ಬಂದಳು. ಅದು 'ಟಕ್' ಎಂದು ಕೂತಿತು. ಸಂಜೆ ಕೊನೆಯ ತಿರುವಿನಲ್ಲಿ ಆಕೆಯ ಕಾರು ನಾದಿನಿಯ ಕಾರಿಗೆ ಧೂಳು ಕುಡಿಸಿ ಮುಂದೆ ಹೋಯಿತು. ಫೋನಿನಲ್ಲಿ ಸಂಗಮ್ಮನ ಸಣ್ಣ ದನಿ: "ಸೋತೆ... ಗುರುಗಳೇ."

ರೊಟ್ಟಿ ಬಡಿಯುವುದು ಬಿಟ್ಟು ಬಾಗಿಲಲ್ಲಿ ನಿಂತಿದ್ದ ಸಾವ್ಕಾರರು ಹಿಟ್ಟಿನ ಹೊಗೆ ಏಳುವಂತೆ ಚಪ್ಪಾಳೆ ತಟ್ಟಿದರು. "ಶಹಬ್ಬಾಸ್! ಆರಿಸಿದಾಕಿನೂ ನೀನ, ಗೆದ್ದಾಕಿನೂ ನೀನ!" ಅಂಥ ಮಾತು ಆ ಬಾಯಿಂದ ಮದುವೆಯಾದಂದಿನಿಂದ ಬಂದಿರಲಿಲ್ಲ.

ಬಂದಾಗಿನಿಂದ ಕಂಪ್ಯೂಟರ್ ಬಿಟ್ಟೇಳದಿದ್ದ ಶಿವಕುಮಾರಿ ನಗುತ್ತಾ ಅಡುಗೆಮನೆಗೆ ಹೋದಳು. ಮೂಲೆಯಲ್ಲಿ ರೊಟ್ಟಿಯ ಗೋಪುರ. ನಾದುವ ಪರಾತದಲ್ಲಿ ಇನ್ನೂ ಗುಡ್ಡದಷ್ಟು ಹಿಟ್ಟು.

"ಇದೇನ್ರೀ, ಓಣಿಗೆಲ್ಲ ದಾಸೋಹ ಇಟ್ಟೀರೇನು? ಎರಡು ಬೊಗಸಿ ಅಂದಿದ್ದೆ!"

"ಬಸವಣ್ಣನಾಣಿ, ಎರಡ ಹಾಕೀನಿ!"

ಆಕೆ ತನ್ನ ಪುಟ್ಟ ಬೊಗಸೆಯನ್ನು ಅವರ ಮುಂದೆ ಹಿಡಿದಳು.

ಸಾವ್ಕಾರರು ಹಿಟ್ಟು ಮೆತ್ತಿದ ಎರಡೂ ಕೈಗಳನ್ನು ಮೆಲ್ಲಗೆ ಬೆನ್ನ ಹಿಂದೆ ಮುಚ್ಚಿಟ್ಟುಕೊಂಡರು.