ಪಾಸು ಹೋಗುವಷ್ಟು ದೂರ

ನಮ್ಮ ಚಿಕ್ಕಪ್ಪನಷ್ಟು ಹಟಮಾರಿ ಮನುಷ್ಯ ಅಮೆರಿಕದ ಇಡೀ ಬೇ ಏರಿಯಾದಲ್ಲಿ ಇನ್ನೊಬ್ಬರಿದ್ದರೆ ದಯವಿಟ್ಟು ತಿಳಿಸಿ, ಇಬ್ಬರನ್ನೂ ಒಂದೇ ಬೋಗಿಯಲ್ಲಿ ಕೂರಿಸಿ ಹೊರಗಿನಿಂದ ಚಿಲಕ ಹಾಕಿಬಿಡೋಣ! ಮನೆ ಗಿಲ್‌ರಾಯ್‌ನಲ್ಲಿ, ಕೆಲಸ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಔಷಧದ ಲ್ಯಾಬಿನಲ್ಲಿ. ಅರ್ಧ ಆಯಸ್ಸು ಫ್ರೀವೇ ಮೇಲೆ ಕಳೆಯುವ ಈ ಮಹಾನುಭಾವರು ವಿಮಾನದಲ್ಲಿ ಹೋಗುವುದನ್ನು ಮಾತ್ರ ಪ್ರಯಾಣ ಅಂತ ಒಪ್ಪುವುದಿಲ್ಲ. "ನಡುವೆ ಒಂದು ಸ್ಟೇಷನ್ ಬರಲ್ಲ, ಒಬ್ಬ ಹತ್ತಲ್ಲ, ಒಬ್ಬ ಇಳಿಯಲ್ಲ. ಅದು ಪ್ರಯಾಣ ಅಲ್ಲ ಕಣೇ, ಪಾರ್ಸೆಲ್ಲು" ಅನ್ನುತ್ತಾರೆ.

ಇದಕ್ಕೆಲ್ಲ ಮೂಲ ನಮ್ಮ ತಾತ. ಅವರು ಅರಸೀಕೆರೆಯಲ್ಲಿ ರೈಲ್ವೆ ಗಾರ್ಡಾಗಿದ್ದರು. ರೈಲ್ವೆಯವರ ಮನೆಗೆ ಪಾಸು ಸಿಗುತ್ತಿತ್ತಲ್ಲ, ಆ ಪಾಸಿನಲ್ಲಿ ಮನೆಮಂದಿಯೆಲ್ಲ ಊರೂರು ಸುತ್ತುತ್ತಿದ್ದರು. ಅಜ್ಜಿ ಬೇಗ ತೀರಿಕೊಂಡರು. ಚಿಕ್ಕಪ್ಪನನ್ನು ಸೊಂಟದ ಮೇಲೆ ಕೂರಿಸಿಕೊಂಡು ರೈಲು ಹತ್ತುತ್ತಿದ್ದವರು, ಕಿಟಕಿ ಪಕ್ಕ ಕೂರಿಸಿ ತುತ್ತು ಕೊಡುತ್ತಿದ್ದವರು ಅವರ ಅಕ್ಕ, ಅಂದರೆ ನನ್ನ ಅತ್ತೆ. ಹಾಗಾಗಿ ಚಿಕ್ಕಪ್ಪನ ಲೆಕ್ಕದಲ್ಲಿ ಪಾಸು ಅಂದರೆ ಅಕ್ಕ, ಅಕ್ಕ ಅಂದರೆ ಪಾಸು.

ಆ ಅತ್ತೆ ಈಗ ಕೆನಡಾದ ಟೊರೊಂಟೊದಲ್ಲಿ ಮಗಳ ಮನೆಯಲ್ಲಿದ್ದಾರೆ. ಒಂದೇ ಖಂಡ, ಆದರೆ ಅಕ್ಕ ತಮ್ಮ ಮುಖ ನೋಡಿ ವರ್ಷಗಳಾಗಿವೆ. ಚಿಕ್ಕಪ್ಪನ ಗ್ರೀನ್ ಕಾರ್ಡಿನ ಅರ್ಜಿ ಎಲ್ಲೋ ಕೂತಿದೆ, ವೀಸಾ ಮುದ್ರೆಯ ಅವಧಿ ಮುಗಿದಿದೆ. ದೇಶದಾಚೆ ಕಾಲಿಟ್ಟರೆ ವಾಪಸು ಬರುವ ಭರವಸೆ ಕೊಡಲಾರೆ ಅಂತ ಆಫೀಸಿನ ವಕೀಲರು ಹೇಳಿಬಿಟ್ಟಿದ್ದಾರೆ. ಅತ್ತೆ ಇತ್ತ ಬರೋಣವೆಂದರೆ ಅವರಿಗೆ ವೀಸಾ ಸಂದರ್ಶನದ ದಿನಾಂಕವೇ ಸಿಗುತ್ತಿಲ್ಲ. ಇದು ಇಬ್ಬರಿಗೂ ಗೊತ್ತು. ಆದರೆ ಫೋನಿನಲ್ಲಿ ಇಬ್ಬರೂ ಈ ಮಾತು ಎತ್ತುವುದಿಲ್ಲ. ಎತ್ತಿದರೆ ಯಾರಾದರೊಬ್ಬರು ಅಳುತ್ತಾರೆ.

ಹೀಗಿರುವಾಗ ಚಿಕ್ಕಪ್ಪನಿಗೆ ಒಂದು ಸಂಗತಿ ತಿಳಿಯಿತು. ಅಮೆರಿಕದ ರೈಲಿನವರೂ ಪಾಸು ಕೊಡುತ್ತಾರೆ, ಅದನ್ನಿಟ್ಟುಕೊಂಡು ಈ ದಡದಿಂದ ಆ ದಡದವರೆಗೆ ದೇಶವಿಡೀ ಓಡಾಡಬಹುದು! ಅವರ ಸಂಭ್ರಮ ಕೇಳಬೇಕೆ? ಆ ಪಾಸಿಗೆ ಅರಿಶಿನ ಕುಂಕುಮ ಇಡುವುದೊಂದು ಬಾಕಿ, ಅದೂ ಪಾಸು ಮೊಬೈಲಿನೊಳಗಿದ್ದದ್ದರಿಂದ ತಪ್ಪಿತು. ಕನ್ನಡ ಅರ್ಥವಾದರೂ ಇಂಗ್ಲಿಷಿನಲ್ಲೇ ಜಗಳವಾಡುವ ಅವರ ಮಗಳು, "ಡ್ಯಾಡ್, ಫ್ಲೈಟ್ ಈಸ್ ಫೈವ್ ಅವರ್ಸ್" ಅಂದಳು. "ಪಾರ್ಸೆಲ್ಲಿಗೆ ಅಷ್ಟು ಸಾಕು" ಅಂದು ಅಕ್ಕನಿಗೆ ಫೋನು ಹಚ್ಚಿದರು.

"ಅಕ್ಕಾ, ಪಾಸು ಸಿಕ್ತು. ನಯಾಗರಾ ಸ್ಟೇಷನ್‌ವರೆಗೂ ಬರತ್ತೆ. ಅಲ್ಲಿಂದಾಚೆಗೆ ಪಾಸು ನಡೆಯಲ್ವಂತೆ, ಏನ್ಮಾಡೋದು?"

"ನಡೆಯದಿದ್ರೆ ಬಿಡು. ಜಲಪಾತದ ಈ ಕಡೆಯ ದಡಕ್ಕೆ ನಾನು ಬರ್ತೀನಿ" ಅಂದರು ಅತ್ತೆ.

ನೋಡಿ, ವೀಸಾದ ಹೆಸರೇ ಇಲ್ಲ! ತಪ್ಪೆಲ್ಲ ಪಾಸಿನದು.

ಜೊತೆಗೆ ನಾನು ಹೋಗಬೇಕೆಂದು ಚಿಕ್ಕಮ್ಮನ ಆಜ್ಞೆಯಾಯಿತು. "ಇವರನ್ನ ಒಬ್ಬರನ್ನೇ ಬಿಟ್ರೆ ಯಾವುದೋ ಸ್ಟೇಷನ್ನಲ್ಲಿ ಕಾಫಿಗೆ ಇಳಿದು ಅಲ್ಲೇ ಸಂಸಾರ ಹೂಡ್ತಾರೆ" ಅನ್ನುವುದು ಅವರ ಭಯ. ಪ್ಲೆಸೆಂಟನ್ನಿನ ನನ್ನ ಆಫೀಸಿಗೆ ರಜೆ ಹಾಕಿ ಎಮರಿವಿಲ್‌ನಲ್ಲಿ ರೈಲು ಹತ್ತಿದೆ. ಹತ್ತಿದ ತಕ್ಷಣ ಚಿಕ್ಕಪ್ಪ ಮಾಡಿದ ಮೊದಲ ಕೆಲಸ ಏನು ಗೊತ್ತೆ? ಎರಡು ಕಿಟಕಿ ಸೀಟಿಗೆ ಟವೆಲ್ ಹಾಸಿದ್ದು! ಬೋಗಿಯಲ್ಲಿ ನಮ್ಮನ್ನು ಬಿಟ್ಟರೆ ಇದ್ದದ್ದು ಒಬ್ಬ ಮುದುಕ, ಒಬ್ಬಳು ಮುದುಕಿ. ಅವರು ಟವೆಲನ್ನು ಹಬ್ಬದ ಅಲಂಕಾರವೆಂದು ತಿಳಿದು ತುಂಬ ಚೆನ್ನಾಗಿದೆ ಅಂದರು. ಚಿಕ್ಕಪ್ಪ ಖುಷಿಯಾಗಿ ಅವರಿಗೆ ಗೊಜ್ಜವಲಕ್ಕಿ ಕೊಟ್ಟರು. ನೆವಾಡಾ ಮುಟ್ಟುವಷ್ಟರಲ್ಲಿ ಮುದುಕಪ್ಪ ಬೆವರುತ್ತ, ಮೂಗೊರೆಸಿಕೊಳ್ಳುತ್ತ ಎರಡನೇ ಸಲ ತಟ್ಟೆ ಚಾಚುತ್ತಿದ್ದ. ಮುಂದೆ ಹಿಮದ ಬೆಟ್ಟಗಳು ಬಂದವು, ಮುಗಿಯದ ಜೋಳದ ಹೊಲಗಳು ಬಂದವು. ಚಿಕ್ಕಪ್ಪ ಪ್ರತಿ ಸ್ಟೇಷನ್ನಿನಲ್ಲೂ ಇಳಿದು ಪ್ಲಾಟ್‌ಫಾರ್ಮ್ ಮೆಟ್ಟಿ ಬಂದರು. ನನಗೆ ಬೆನ್ನು ಬಿದ್ದುಹೋಗಿತ್ತು, ಅವರು ದಿನದಿಂದ ದಿನಕ್ಕೆ ಎಳೆಯರಾಗುತ್ತಿದ್ದರು.

ಶಿಕಾಗೋದಲ್ಲಿ ಒಂದು ಗಾಡಿ, ಆಮೇಲೆ ಇನ್ನೊಂದು ಗಾಡಿ ಬದಲಿಸಿ ಕೊನೆಗೆ ಟೊರೊಂಟೊಗೆ ಹೋಗುವ ರೈಲನ್ನೇ ಹತ್ತಿದೆವು. ಅದರಲ್ಲಿ ನಮ್ಮ ಪಾಸು ನಯಾಗರಾ ಸ್ಟೇಷನ್ನಿನವರೆಗೆ ಮಾತ್ರ. ಅಲ್ಲಿ ಸಿಬ್ಬಂದಿ ಬದಲಾಗಿ ಗಾಡಿ ಗಡಿ ದಾಟುತ್ತದೆ. ಚಿಕ್ಕಪ್ಪ ಪಾಸು ನೋಡಲು ಬಂದ ಕಂಡಕ್ಟರನನ್ನು ಹಿಡಿದು ನಿಲ್ಲಿಸಿದರು.

"ಗಾಡಿ ಇದೇ, ಸೀಟು ಇದೇ, ನಾನೂ ಇವನೇ. ಪಾಸು ಮಾತ್ರ ಅರ್ಧ ದಾರೀಲಿ ಯಾಕೆ ನಿಲ್ಲತ್ತೆ?" ಅಂತ ಇಂಗ್ಲಿಷಿನಲ್ಲಿ ವಾದಕ್ಕೆ ನಿಂತರು. ಕಂಡಕ್ಟರ್ ಎರಡು ದೇಶ, ಎರಡು ಕಂಪನಿ ಅಂದ. ಹಳಿ ಒಂದೇ ಅಲ್ಲವೇ ಅಂದರು ಇವರು. ಇಡೀ ಬೋಗಿ ತಿರುಗಿ ನೋಡತೊಡಗಿತು. ನಾನು ಕಿಟಕಿಯಾಚೆಗಿನ ಮರಗಳನ್ನು ಬಹಳ ಆಸಕ್ತಿಯಿಂದ ನೋಡಿದೆ. ಪಾಪ, ಕಂಡಕ್ಟರ್ ಒಳ್ಳೆಯ ಮನುಷ್ಯ. ಕೊನೆಗೆ, "ಸಾರ್, ಯೋಚನೆ ಮಾಡಬೇಡಿ. ಅಲ್ಲಿಂದಾಚೆಗೆ ಚಿಕ್ಕದೊಂದು ಟಿಕೆಟ್ ತೆಗೆದುಕೊಂಡರಾಯಿತು. ಸೀಟು ಖಾಲಿ ಇದೆ, ಈಗಲೇ ಕೊಡಿಸುತ್ತೇನೆ. ಎದ್ದೇಳುವುದೂ ಬೇಡ" ಅಂದ.

ಚಿಕ್ಕಪ್ಪ ಟವೆಲನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. "ಬೇಡ, ಇಲ್ಲೇ ಇಳಿಯುತ್ತೇವೆ" ಅಂದರು. ಇಳಿದ ಮೇಲೆ ಆ ಗಾಡಿ ಅಕ್ಕನ ಊರಿನ ಕಡೆ ಹೊರಟು ಮರೆಯಾಗುವವರೆಗೂ ಅಲ್ಲಾಡದೆ ನಿಂತಿದ್ದರು. ನಾನು ಅವರ ಚೀಲವನ್ನೂ ಎತ್ತಿಕೊಂಡೆ.

ಮಾರನೆಯ ದಿನ ಬೆಳಿಗ್ಗೆ ಜಲಪಾತದ ಹತ್ತಿರ ಹೋದೆವು. ನಮ್ಮ ಕಡೆ ಅಮೆರಿಕ, ಕಣಿವೆಯಾಚೆ ಕೆನಡಾ. ಆ ದಡದ ಕಂಬಿಸಾಲಿನ ಹತ್ತಿರ ಇರುವೆಗಳಂತೆ ಜನ. ಅವರ ನಡುವೆ ಹಳದಿ ಸೀರೆಯ ಒಂದು ಚುಕ್ಕೆ ಕೈ ಬೀಸುತ್ತಿತ್ತು. ಅಲ್ಲಿ ನಾಣ್ಯ ಹಾಕಿದರೆ ಸ್ವಲ್ಪ ಹೊತ್ತು ಕಣ್ಣು ತೆರೆಯುವ ದುರ್ಬೀನೊಂದಿತ್ತು. ಚಿಕ್ಕಪ್ಪ ಅದಕ್ಕೆ ಅಂಟಿಕೊಂಡರು. ನಾನು ಸಿಕ್ಕ ಸಿಕ್ಕ ಪ್ರವಾಸಿಗರ ಹತ್ತಿರ ಚಿಲ್ಲರೆ ಬೇಡುತ್ತ, ಚಿಕ್ಕಪ್ಪನ ಫೋನನ್ನು ಸ್ಪೀಕರಿಗೆ ಹಾಕಿ ಹಿಡಿದುಕೊಂಡೆ. ನೀರಿನ ಸದ್ದಿನ ನಡುವೆ ಅತ್ತೆಯ ದನಿ ಕೇಳಿತು.

"ಎಷ್ಟು ಸೊರಗಿದೀಯೋ."

ಅಷ್ಟು ದೂರದಿಂದ, ದುರ್ಬೀನೂ ಇಲ್ಲದೆ! ಚಿಕ್ಕಪ್ಪನ ಹೊಟ್ಟೆಯಾದರೋ ಕಂಬಿಯಿಂದಾಚೆಗೆ ಹೋಗಿತ್ತು.

"ಹೂಂ ಅಕ್ಕ, ಸ್ವಲ್ಪ ಸೊರಗಿದೀನಿ."

"ನಿನಗೆ ಅಂತ ಕೋಡುಬಳೆ ಮಾಡಿ ತಂದಿದೀನಿ ಕಣೋ. ಕೊಡಕ್ಕಾಗಲ್ಲ ಅಂತ ಗೊತ್ತಿತ್ತು. ಆದ್ರೂ ಬರಿಗೈಲಿ ಬರಕ್ಕೆ ಮನಸ್ಸು ಬರ್ಲಿಲ್ಲ."

ಚಿಕ್ಕಪ್ಪ ದುರ್ಬೀನಿನಿಂದ ಕಣ್ಣು ತೆಗೆಯಲಿಲ್ಲ. "ನೀನು ತಿನ್ನು ಅಕ್ಕ. ನಾನು ನೋಡ್ತಾ ಇರ್ತೀನಿ" ಅಂದರು.

ಫೋನಿನಲ್ಲಿ ಕಟುಮ್ಮೆಂದು ಕೋಡುಬಳೆ ಮುರಿದದ್ದು ಕೇಳಿಸಿತು.

"ಉಪ್ಪು ಸರಿಯಾಗಿದೆಯಾ ಅಕ್ಕ?"

"ಒಂಚೂರು ಮುಂದಾಗಿದೆ ಕಣೋ" ಅಂದರು ಅತ್ತೆ, ಮೂಗೇರಿಸುತ್ತ.

ದುರ್ಬೀನಿನ ಕಣ್ಣು ಮುಚ್ಚಿಕೊಂಡಿತು. ಚಿಕ್ಕಪ್ಪ ತಲೆ ಎತ್ತದೆ ನನ್ನ ಕಡೆ ಕೈ ಚಾಚಿದರು. ನಾನು ಚಿಲ್ಲರೆ ತರಲು ಓಡಿದೆ.