ಗುಹೆಯ ಪರವಾಗಿ ಒಂದು ವಕಾಲತ್ತು

ಚರ್ಚಾಸ್ಪರ್ಧೆಯಲ್ಲಿ ಪಳಗಿದವರನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಸುಲಭವಲ್ಲ. ಬೇಕಾದರೆ ನನ್ನನ್ನು ಇಟ್ಟುಕೊಂಡಿರುವ ಅಪ್ಪ ಅಮ್ಮನನ್ನು ಕೇಳಿ. ನೈರೋಬಿಯ ಶಾಲೆಯಲ್ಲಿ ಕಲಿತ ಪಾಠಗಳೆಲ್ಲ ಮರೆತುಹೋಗಿವೆ. ಚೀಟಿ ಎತ್ತಿ, ಪರ ಬಂದರೆ ಪರವಾಗಿ, ವಿರೋಧ ಬಂದರೆ ವಿರೋಧವಾಗಿ ಅಷ್ಟೇ ಆವೇಶದಿಂದ ಮಾತಾಡಿ ಗೆದ್ದ ಕಪ್‌ಗಳು ಮಾತ್ರ ಶೋಕೇಸಿನಲ್ಲಿ ಉಳಿದಿವೆ. ಆಗಿನಿಂದ ಸಾಕ್ಷಿಯಿಲ್ಲದ ಯಾವ ಮಾತನ್ನೂ ನಾನು ನಂಬಿದವಳಲ್ಲ. ಜಾತಕವಿರಲಿ, ವಾಸ್ತುವಿರಲಿ, ಇನ್ನೂ ಅರ್ಧ ಖಾಲಿಯಿರುವ ಮಟಾಟು ವ್ಯಾನಿನ ಕಂಡಕ್ಟರ್ "ಒಂದೇ ಸೀಟು, ಈಗಲೇ ಹೊರಟೆವು" ಎನ್ನುವುದಿರಲಿ, ಎಲ್ಲಕ್ಕೂ ನನ್ನಲ್ಲಿ ಒಂದೇ ತಕ್ಕಡಿ. ಇಲ್ಲಿ ಬೆಳೆದ ನಮ್ಮವರ ಮಕ್ಕಳು ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರಿಸುತ್ತಾರೆ. ನಾನು ಮಾತ್ರ ಕನ್ನಡ ಬಿಟ್ಟಿಲ್ಲ. ನಾವಿರುವ ಹೈರಿಡ್ಜ್ ಬಡಾವಣೆಯ ಹಿರಿಯರು ಇದನ್ನು ಭಾಷಾಭಿಮಾನ ಎಂದು ಹೊಗಳುತ್ತಾರೆ. ನಿಜಸಂಗತಿ ಏನೆಂದರೆ, ಅಮ್ಮನನ್ನು ಇಂಗ್ಲಿಷಿನಲ್ಲಿ ಸೋಲಿಸಿದರೆ ಅವಳು ಸೋತೆನೆಂದು ಒಪ್ಪುವುದೇ ಇಲ್ಲ.

ಈ ಸಲದ ಚರ್ಚೆ ನಡೆದದ್ದು ಊಟದ ಮೇಜಿನ ಸುತ್ತ. ವಿಷಯ: ವಾರ್ಷಿಕ ರಜೆಗೆ ಎಲ್ಲಿಗೆ ಹೋಗುವುದು? ನಮ್ಮ ರಜೆಗಳು ಇದುವರೆಗೆ ಬೆಂಗಳೂರಿನ ಗೃಹಪ್ರವೇಶ, ನಾಮಕರಣಗಳಿಗೇ ಮೀಸಲು. ಈ ಸಲ ಅದಕ್ಕಿಂತ ದೊಡ್ಡ ಅಪಾಯವೊಂದು ಕಾದಿತ್ತು. ಬೆಂಗಳೂರಿನ ಚಿಕ್ಕಮ್ಮ ನನಗಾಗಿ ಒಬ್ಬ ಹುಡುಗನನ್ನು ಗೊತ್ತುಮಾಡಿ, ಅವನ ಮನೆಯವರನ್ನು ಕಾಫಿಗೆ ಕರೆಯಲು ನಮ್ಮ ವಿಮಾನಕ್ಕಾಗಿ ಕಾಯುತ್ತಿದ್ದಳು. ನಾನು ಎದ್ದು ನಿಂತು ಫ್ರಾನ್ಸಿನ ಪರ ವಾದಿಸಿದೆ. ಅಲ್ಲಿನ ಒಂದು ನದೀಕಣಿವೆಯಲ್ಲಿ ಮಧ್ಯಯುಗದ ಕೋಟೆಯಿದೆ, ಪಕ್ಕದಲ್ಲೇ ಆದಿಮಾನವರು ಚಿತ್ರ ಬರೆದ ಗುಹೆಯಿದೆ. "ಅಮ್ಮಾ, ಟಿವಿಯಲ್ಲಿ ನೋಡೋದಲ್ಲ. ಅಸಲಿ ಗೋಡೆ, ಅಸಲಿ ಬಣ್ಣ, ಅವರು ನಿಂತ ಜಾಗದಲ್ಲೇ ನಾವು ನಿಲ್ತೀವಿ. ಅಸಲಿ!" ಎಂದು ಮೇಜು ಕುಟ್ಟಿದೆ. ಮಾತ್ರೆ ತಯಾರಿಸುವ ಕಾರ್ಖಾನೆಯಲ್ಲಿ ಮ್ಯಾನೇಜರಾದ ಅಪ್ಪ ತೀರ್ಪು ನನ್ನ ಪರ ಕೊಟ್ಟರು. ಅಮ್ಮ ಅನ್ನಕ್ಕೆ ಸಾರು ಬಡಿಸುತ್ತ, "ಆಯ್ತು. ಈ ಸಲ ನಿನ್ನಿಷ್ಟ. ಅಲ್ಲೇನಾದ್ರೂ ಟೋಪಿ ಬಿತ್ತೋ, ಮುಂದಿನ ಸಲ ನಾನು ಹೇಳಿದ ಕಡೆ, ಉಸಿರೆತ್ತೋ ಹಾಗಿಲ್ಲ" ಎಂದಳು. ಒಪ್ಪಿದೆ. ಗೆದ್ದವರು ಷರತ್ತುಗಳನ್ನು ಎಲ್ಲಿ ಓದುತ್ತಾರೆ?

ಮೊದಲು ಕೋಟೆ. ಅದರ ಹೆಸರಿನಲ್ಲಿರುವ ಅಕ್ಷರಗಳಲ್ಲಿ ಅರ್ಧದಷ್ಟನ್ನು ಉಚ್ಚರಿಸಬಾರದಂತೆ. ಹಾಗಿದ್ದ ಮೇಲೆ ಅಷ್ಟು ಅಕ್ಷರ ಯಾಕೆ ಖರ್ಚು ಮಾಡಿದರು ಎಂದು ಗೈಡನ್ನು ಕೇಳಿದೆ, ಅವನು ಕೇಳಿಸದವನಂತೆ ಮುಂದೆ ನಡೆದ. ಕಂದಕ, ಬೇಕೆಂದಾಗ ಮೇಲೆತ್ತುವ ಸೇತುವೆ, ಮೇಲಿನಿಂದ ದಡಾರನೆ ಬೀಳುವ ಕಬ್ಬಿಣದ ಬಾಗಿಲು, ಅದರ ಹಿಂದೆ ಇನ್ನೊಂದು ಬಾಗಿಲು. ಒಂದೊಂದನ್ನೂ ಅವನು ಪಿಸುದನಿಯಲ್ಲಿ ವರ್ಣಿಸುತ್ತಿದ್ದರೆ ಉಳಿದ ಪ್ರವಾಸಿಗಳು ಉಸಿರು ಬಿಗಿಹಿಡಿಯುತ್ತಿದ್ದರು. ನಾವು ಮೂವರು ಆಕಳಿಸಿದೆವು. ಹೈರಿಡ್ಜಿನ ನಮ್ಮ ಫ್ಲಾಟಿಗೆ ಬರಬೇಕಾದರೆ ಮೊದಲು ಗೇಟಿನಲ್ಲಿ ಆಸ್ಕರಿಗೆ ಹೆಸರು ಹೇಳಬೇಕು. ಆ ಕಾವಲುಗಾರ ಮನೆಗೆ ಫೋನು ಮಾಡಿ ಒಪ್ಪಿಗೆ ಪಡೆಯಬೇಕು. ಗೋಡೆಯ ಮೇಲೆ ಕರೆಂಟು ಹರಿಯುವ ತಂತಿ, ಬಾಗಿಲ ಹೊರಗೆ ಗ್ರಿಲ್ಲು, ಕಳ್ಳ ಅದನ್ನೂ ದಾಟಿ ಬಂದರೆ ಇರಲಿ ಎಂದು ಹಾಲಿಗೂ ಮಲಗುವ ಕೋಣೆಗಳಿಗೂ ನಡುವೆ ಮತ್ತೊಂದು ಕಬ್ಬಿಣದ ಗೇಟು. ಅಪ್ಪ ಕೋಟೆಯನ್ನೆಲ್ಲ ಒಮ್ಮೆ ಇನ್‌ಸ್ಪೆಕ್ಷನ್ನಿಗೆ ಬಂದವರಂತೆ ನೋಡಿ, "ಇಷ್ಟೇನಾ? ಎಲೆಕ್ಟ್ರಿಕ್ ಫೆನ್ಸೇ ಇಲ್ವಲ್ಲ" ಎಂದರು. ಅಮ್ಮ ಗೈಡಿಗೆ ಇಂಗ್ಲಿಷಿನಲ್ಲಿ, ನಮ್ಮ ಮನೆಯಲ್ಲೂ ಇದೆಲ್ಲ ಇದೆ ಎಂದು ವಿವರಿಸಿದಳು. ನಮ್ಮನ್ನು ಯಾವ ರಾಜಮನೆತನದವರೆಂದುಕೊಂಡನೋ, ಆಮೇಲಿನ ಬಾಗಿಲುಗಳನ್ನೆಲ್ಲ ಅವನೇ ಓಡಿಬಂದು ಅಪ್ಪನಿಗೆ ತೆರೆದುಕೊಟ್ಟ.

ಮಧ್ಯಾಹ್ನ ಗುಹೆ. ಕಾರಿನಿಂದ ಇಳಿಯುತ್ತಿದ್ದಂತೆ ಕಾರ್ಖಾನೆಯಿಂದ ಫೋನು ಬಂದು ಅಪ್ಪ ಕಾಫಿ ಅಂಗಡಿಯಲ್ಲೇ ಉಳಿದರು. ಅಮ್ಮ ಟಿಕೆಟ್ಟಿನ ಕೌಂಟರಿಗೆ ಹೋದಳು. ನಾನು ಪಕ್ಕದ ದೊಡ್ಡ ಫಲಕವನ್ನು ಓದುತ್ತ ನಿಂತೆ, ಓದುತ್ತ ಓದುತ್ತ ಬೆವರಿದೆ. ಜನರ ಉಸಿರು ತಾಗಿ ಚಿತ್ರಗಳು ಹಾಳಾಗತೊಡಗಿದ್ದರಿಂದ ನಿಜವಾದ ಗುಹೆಯನ್ನು ಮುಚ್ಚಿ ಎಷ್ಟೋ ಕಾಲವಾಗಿದೆಯಂತೆ. ಈಗ ನಾವು ನೋಡಲಿರುವುದು ಅದರ ಯಥಾವತ್ ನಕಲು, ಸಿಮೆಂಟಿನದು. ಮಟಾಟು ಕಂಡಕ್ಟರನಿಂದ ಕೂಡ ಸಾಕ್ಷಿ ಕೇಳುವ ನಾನು, ಆನ್‌ಲೈನಿನಲ್ಲಿ ಬುಕ್ ಮಾಡುವಾಗ ಗುಹೆಯ ಪುಟವನ್ನು ಕೊನೆಯವರೆಗೆ ಓದಿರಲಿಲ್ಲ.

ಟೋಪಿ ಬಿದ್ದಿತ್ತು. ಅಮ್ಮನಿಗೆ ತಿಳಿದರೆ ಬೆಂಗಳೂರು, ಬೆಂಗಳೂರೆಂದರೆ ಕಾಫಿ, ಕಾಫಿಯೆಂದರೆ ಹುಡುಗ. ಒಂದು ಕ್ಷಣದಲ್ಲಿ ನನ್ನ ಹಳೆಯ ತರಬೇತಿ ಎದ್ದು ಕೂತಿತು. ಚೀಟಿಯಲ್ಲಿ ಬಂದಿರುವುದು ಗುಹೆಯ ಪರ, ಅಷ್ಟೆ. ಒಳಗೆ ಗೈಡು ಫ್ರೆಂಚಿನಲ್ಲಿ ಹೇಳುತ್ತಿದ್ದುದನ್ನು ಇಂಗ್ಲಿಷಿನಲ್ಲಿ ಕೇಳಿಸಿಕೊಳ್ಳಲು ಎಲ್ಲರಿಗೂ ಕಿವಿಗೆ ಹಾಕುವ ಯಂತ್ರ ಕೊಟ್ಟಿದ್ದರು. ಅಮ್ಮನ ಕೈಯಿಂದ ಅದನ್ನು ಕಿತ್ತುಕೊಂಡು, "ಇದರಲ್ಲಿ ಬ್ಯಾಟರಿ ಇಲ್ಲಮ್ಮ, ನಾನೇ ಹೇಳ್ತೀನಿ" ಎಂದೆ.

ಅಮ್ಮ ಸುತ್ತ ನೋಡಿದಳು. "ಗುಹೆ ಅಂತೀಯ, ಒಂದು ಬಾವಲಿ ಇಲ್ವಲ್ಲೇ?"

"ಚಳಿ ದೇಶ ಅಮ್ಮ. ಚಳಿಗೆ ಬಾವಲಿ ಇರಲ್ಲ."

"ಈಗ ಬೇಸಿಗೆ ಅಲ್ವಾ?"

"ಅದಕ್ಕೇ ಗಾಳಿಗೆ ಅಂತ ಹೊರಗಡೆ ಹೋಗಿವೆ."

"ವಾಸನೇನೂ ಇಲ್ಲ."

"ಫ್ರಾನ್ಸ್ ಅಮ್ಮ ಇದು, ಸೆಂಟಿನ ದೇಶ."

"ನೆಲಕ್ಕೆ ರಬ್ಬರ್ ಹಾಸಿದಾರೆ."

"ನಿನ್ನಂಥ ಮೊಣಕಾಲು ನೋವಿನೋರಿಗೆ ಅಂತ."

ದೀಪದ ಬೆಳಕು ಗೋಡೆಯ ಮೇಲೆ ಹರಿಯಿತು. ಹೋರಿಗಳು, ಕುದುರೆಗಳು, ಕವಲು ಕೊಂಬಿನ ಜಿಂಕೆಗಳು ಒಂದರ ಮೇಲೊಂದು ಬೀಳುವಂತೆ ಓಡುತ್ತಿದ್ದವು. ನಕಲೆಂದು ಗೊತ್ತಿದ್ದೂ ನನಗೆ ಮೈ ಜುಮ್ಮೆಂದಿತು, ಆ ಜುಮ್ಮಿಗೆ ಸಾಕ್ಷಿಯಿಲ್ಲವಾದ್ದರಿಂದ ಲೆಕ್ಕಕ್ಕೆ ಹಿಡಿಯಲಿಲ್ಲ. "ಇಷ್ಟು ಸಾವಿರ ವರ್ಷ ಆದ್ರೂ ಬಣ್ಣ ಒಂಚೂರೂ ಮಾಸಿಲ್ಲ ನೋಡು" ಎಂದು ಅಮ್ಮ ನನ್ನ ಮುಖವನ್ನೇ ನೋಡಿದಳು. "ಅಸಲಿ ಅಂದ್ರೆ ಹಾಗೇ ಅಮ್ಮ" ಎಂದೆ. ಅವಳು ಒಂದು ಹೋರಿಯ ಮುಂದೆ ನಿಂತು, ಕಣ್ಣು ಮುಚ್ಚಿ ಕೈ ಮುಗಿದಳು.

ನೈರೋಬಿಗೆ ಮರಳಿದ ಮೇಲೆ ಫೋಟೋ ನೋಡಲು ಪಂಗಾನಿ ಬಡಾವಣೆಯಿಂದ ಶ್ಯಾಮಲಾ ಆಂಟಿ ಬಂದರು. ಅಮ್ಮನ ಹಳೆಯ ಗೆಳತಿ, ಬೇರೆಯವರ ಪ್ರವಾಸದಲ್ಲಿ ಹುಳುಕು ಹುಡುಕುವುದರಲ್ಲಿ ಪ್ರವೀಣೆ. ಕೋಟೆಯ ಫೋಟೋಗಳನ್ನು ಸರಸರನೆ ದಾಟಿ, ಗುಹೆಗೆ ಬಂದು ನಿಂತರು. "ಅಲ್ಲ ಕಣ್ರೀ, ಅಲ್ಲೀಗ ಒಳಗೇ ಬಿಡಲ್ವಂತೆ? ಡೂಪ್ಲಿಕೇಟ್ ಮಾಡಿ ತೋರಿಸ್ತಾರಂತೆ? ನಮ್ಮ ಭಾವ ಹೇಳ್ತಿದ್ರು."

"ಭಾವ ಹೋಗಿ ನೋಡಿದಾರಾ ಆಂಟಿ?" ಎಂದೆ.

"ಇಲ್ಲಪ್ಪ, ಯಾರೋ ಹೇಳಿದ್ದಂತೆ."

"ಹಾಗಾದ್ರೆ ಅದು ಗಾಳಿಮಾತು. ಆ ಕಣಿವೆಯಲ್ಲಿ ಎಷ್ಟೋ ಗುಹೆ ಇವೆ. ಅವರು ಹೇಳಿದ್ದು ಬೇರೆ ಯಾವುದೋ ಇರ್ಬೇಕು. ನಾವು ಹೋಗಿದ್ದು ಅಸಲಿ. ಅಮ್ಮನ್ನೇ ಕೇಳಿ."

"ಅಸಲೀನೇ ರೀ" ಎಂದು ಅಮ್ಮ ಚಕ್ಕುಲಿ ತಟ್ಟೆ ಮುಂದೆ ಸರಿಸಿದಳು. ಆಂಟಿ ಚಕ್ಕುಲಿಯ ಜೊತೆಗೆ ಅನುಮಾನವನ್ನೂ ನುಂಗಿಕೊಂಡು ಮನೆಗೆ ಹೋದರು.

ಅವರನ್ನು ಗೇಟಿನವರೆಗೆ ಬಿಟ್ಟು ನಾನು ಒಳಗೆ ಬರುವಷ್ಟರಲ್ಲಿ ಅಮ್ಮ ಬೆಂಗಳೂರಿಗೆ ಫೋನು ಹಚ್ಚಿದ್ದಳು. "ಹೂಂ ಕಣೇ, ಡಿಸೆಂಬರ್‌ಗೆ ಬರ್ತೀವಿ. ಹುಡುಗನ ಮನೆಯೋರಿಗೆ ಹೇಳ್ಬಿಡು."

"ಇದು ಮೋಸ!" ಎಂದು ಕೂಗಿದೆ. "ಟೋಪಿ ಬಿದ್ರೆ ತಾನೇ ನೀನು ಹೇಳಿದ ಕಡೆ?"

ಅಮ್ಮ ಫೋನು ಕೆಳಗಿಟ್ಟಳು. "ಡೂಪ್ಲಿಕೇಟ್ ಅಂತ ಕೌಂಟರಿನ ಹುಡುಗೀನೇ ಹೇಳಿದ್ಲು ಕಣೇ. ನೀನು ಆ ಕಡೆ ಬೋರ್ಡ್ ಓದ್ತಾ ಬೆವರ್ತಿದ್ದೆ."

"ಮತ್ತೆ ಕೈ ಯಾಕೆ ಮುಗಿದೆ?"

"ಮೂಲವಿಗ್ರಹ ಗರ್ಭಗುಡಿಯಲ್ಲಿರುತ್ತೆ, ಜನಕ್ಕೆ ಉತ್ಸವಮೂರ್ತಿ. ಎಲ್ಲಾ ದೇವಸ್ಥಾನದಲ್ಲೂ ಹಾಗೇ ಅಲ್ವಾ? ಅದರಲ್ಲಿ ಟೋಪಿ ಏನು ಬಂತು? ನನಗಂತೂ ತುಂಬಾ ಚೆನ್ನಾಗಿತ್ತಪ್ಪ."

ಅಂದರೆ ನಾನು ಬಾಯಿ ಬಿಟ್ಟು ನಿಜ ಹೇಳಿದ್ದರೂ ಸೋಲುತ್ತಿರಲಿಲ್ಲ. "ಚೆನ್ನಾಗಿದ್ರೆ ಮತ್ತೆ ಬೆಂಗಳೂರು ಯಾಕೆ?"

"ನೀನಿನ್ನೂ ಚಿಕ್ಕೋಳು, ಸಂಸಾರ ಅಂದ್ರೆ ಗೊತ್ತಿಲ್ಲ ಅಂತ ನಾನೂ ಸುಮ್ನೆ ಇದ್ದೆ. ಆದ್ರೆ ನನ್ನ ಮನಸ್ಸು ನೋಯಬಾರದು ಅಂತ, ಗೊತ್ತಿದ್ದೂ ಒಂದು ಸುಳ್ಳನ್ನ ಅಲ್ಲಿಂದ ಇಲ್ಲೀತನಕ ಎಷ್ಟು ನೀಟಾಗಿ ಕಾಪಾಡ್ಕೊಂಡು ಬಂದಿದೀಯ! ಸಂಸಾರ ಮಾಡೋಕೆ ಇನ್ನೇನು ಬೇಕೇ?"

ಲ್ಯಾಪ್‌ಟಾಪಿನ ಹಿಂದೆ ಅಪ್ಪ ಒಮ್ಮೆ ಕಿಸಕ್ಕೆಂದು ನಕ್ಕರು. ಅಮ್ಮ ತಿರುಗಿ ನೋಡಿದ್ದೇ ತಡ, ಕೆಮ್ಮತೊಡಗಿದರು.

ನನ್ನ ಬಳಿ ಉತ್ತರವಿತ್ತು. ಅದು ಅಮ್ಮನ ಮನಸ್ಸಿಗಾಗಿ ಹೇಳಿದ ಸುಳ್ಳೇ ಅಲ್ಲ, ನಾನು ಗೆಲ್ಲುವುದಕ್ಕಾಗಿ ಹೇಳಿದ್ದು. ಅವಳ ವಾದದ ಬುಡವೇ ಕುಸಿಯುವಂಥ ಸತ್ಯ, ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದ್ದರೆ ಡಿಸೆಂಬರ್ ತಪ್ಪುತ್ತಿತ್ತು. ಆದರೆ ಅಮ್ಮ ನನ್ನತ್ತ ಎಂದೂ ನೋಡದಷ್ಟು ಹೆಮ್ಮೆಯಿಂದ ನೋಡುತ್ತಿದ್ದಳು, ಕಣ್ಣಂಚು ಬೇರೆ ಒದ್ದೆಯಾಗಿತ್ತು.

"ಹೂಂ ಅಮ್ಮ" ಎಂದೆ, "ನಿನಗೆ ಬೇಜಾರಾಗಬಾರದು ಅಂತಾನೇ."