ಶೀತ ಇದ್ದವರು ಅಂಗಳದಲ್ಲೇ ನಿಲ್ಲಬೇಕು

ನಗೆ ಬರುವ ಸಂಗತಿಗಳು ಮನೆ ನೋಡಿ ಬರುವುದಿಲ್ಲ. ಅಳುವ ಮನೆಗೂ ಬರುತ್ತವೆ. ನಮ್ಮಲ್ಲಿಗೆ ಬಂದವು.

ಹೆಂಡತಿ ತೀರಿಕೊಂಡಾಗ ಮಗಳು ಕೈಕೂಸು. ನನಗೆ ಮಡಂತ್ಯಾರಿನಲ್ಲಿ ಮನೆಗೆ ತಾಗಿಯೇ ಚಾ ಹೋಟೆಲು. ಮಗು ನೋಡಿಕೊಳ್ಳಲು ಅತ್ತೆ ಬಂದು ನಿಂತರು. ಡಾಕ್ಟ್ರು ಹೇಳಿದರು, "ಶೀತದ ಜೊತೆ ಹೋರಾಡಲು ಇಷ್ಟು ಸಣ್ಣ ಮೈಗೆ ಇನ್ನೂ ಗೊತ್ತಿಲ್ಲ. ತಾಯಿಯಿಂದ ಬಂದ ಬಲ ಸ್ವಲ್ಪ ಉಂಟು. ಉಳಿದದ್ದು ತಾನೇ ಕಲಿಯಬೇಕು. ಅಲ್ಲಿವರೆಗೆ ಶೀತದವರನ್ನು ಹತ್ತಿರ ಬಿಡಬೇಡಿ."

ತಾಯಿ ಹೋದಳು, ಇವಳನ್ನು ಬಿಡುವುದಿಲ್ಲ ಅಂತ ನಿಶ್ಚಯ ಮಾಡಿದೆ.

ನಶ್ಯ

ಮಗು ನೋಡಲು ಬಂದವರು ಎತ್ತಿ ಮುತ್ತು ಕೊಡದೆ ಹೋಗುವ ಕ್ರಮ ನಮ್ಮಲ್ಲಿ ಇಲ್ಲ. ಆಚೆ ಮನೆಯ ಮುದುಕರು ಬಂದರು. ಮೆಟ್ಟಿಲಲ್ಲೇ ಸೀನಿದರು. ನಾನು ಅಡ್ಡ ನಿಂತೆ.

"ಶೀತ ಅಲ್ಲ ಮಾರಾಯ, ನಶ್ಯ!"

"ನಂಬುವುದು ಹೇಗೆ?"

"ನೀನೇ ನೋಡು" ಅಂತ ಒಂದು ಚಿಟಿಕೆ ನನ್ನ ಮೂಗಿಗೆ ಹಿಡಿದರು. ಮತ್ತೆ ನನ್ನ ಸೀನು ನಿಲ್ಲಲೇ ಇಲ್ಲ. ಅತ್ತೆ ಗುಡಿಸುವ ಹಿಡಿಸೂಡಿ ತೆಗೆದುಕೊಂಡು ಇಬ್ಬರನ್ನೂ ಒಟ್ಟಿಗೆ ಅಂಗಳಕ್ಕೆ ಇಳಿಸಿದರು.

ಯುದ್ಧ

ಇಷ್ಟೆಲ್ಲ ಮಾಡಿದರೂ ಮಗಳಿಗೆ ಶೀತ ಹಿಡಿಯಿತು. ಜ್ವರ, ಕೆಮ್ಮು. ಉಸಿರೆಳೆದರೆ ಪಕ್ಕೆ ಗುಳಿ ಬೀಳುತ್ತಿತ್ತು. ಎತ್ತಿಕೊಂಡು ಡಾಕ್ಟ್ರಲ್ಲಿಗೆ ಓಡಿದೆವು.

"ಜ್ವರ ಅಂದರೆ ಒಳಗೆ ಯುದ್ಧ ನಡೀತಾ ಉಂಟು ಅಂತ ಅರ್ಥ" ಅಂದರು ಅವರು.

ಅತ್ತೆ ಕೇಳಿದರು, "ಯಾರು ಗೆಲ್ತಾ ಇದ್ದಾರೆ?"

"ಈಗಲೇ ಹೇಳಲಿಕ್ಕೆ ಆಗುವುದಿಲ್ಲ."

"ಹಾಗಾದ್ರೆ ನಮ್ಮ ಕಡೆಯವರಿಗೆ ಊಟ ಬೇಕಲ್ಲ! ನೀವು ಮದ್ದು ಬರೀರಿ." ಮನೆಗೆ ಬಂದವರೇ ನೆರೆಮನೆಯ ಬಾಣಂತಿಯನ್ನು ಕರೆದರು. ಅವಳು ತನ್ನ ಮಗುವನ್ನು ನನ್ನ ಕೈಗೆ ಕೊಟ್ಟು, ನನ್ನ ಮಗಳಿಗೆ ಹಾಲು ಕೊಟ್ಟಳು. ಅವಳ ಮಗು ನನ್ನ ಗಡ್ಡ ಕಂಡು ಕಿರುಚಿದ್ದಕ್ಕೆ ಹೋಟೆಲಿನ ಗಿರಾಕಿಗಳೆಲ್ಲ ಓಡಿ ಬಂದರು.

ಕಿಟಕಿ

ಜ್ವರ ಇಳಿಯಿತು. ಎದೆ ಮಾತ್ರ ಗೊರಗೊರ. ನನಗೆ ಸಮಾಧಾನ ಇಲ್ಲ. ಡಾಕ್ಟ್ರನ್ನು ಮನೆಗೆ ಬರಹೇಳಿದೆ. ಸೈಕಲ್ಲಿಂದ ಇಳಿದವರೇ ಸೀನಿದರು. ಅತ್ತೆ ಬಾಗಿಲಲ್ಲಿ ನಿಂತರು.

"ಶೀತದವರು ಒಳಗೆ ಬರಬಾರದು. ಡಾಕ್ಟ್ರೇ ಹೇಳಿದ್ದು."

"ಆ ಡಾಕ್ಟ್ರು ನಾನೇ ಅಮ್ಮಾ!"

"ಯಾರಾದ್ರೂ ಅಷ್ಟೆ."

ಕಡೆಗೆ ಅವರು ಮೂಗಿಗೆ ಹೆಗಲ ಮೇಲಿನ ಬೈರಾಸು ಕಟ್ಟಿ ಹೊರಗೆ ಕಿಟಕಿ ಹತ್ತಿರ ನಿಂತರು. ನಾನು ಒಳಗಿಂದ ಮಗಳನ್ನು ಎತ್ತಿ ಹಿಡಿದೆ. ಸರಳಿನ ನಡುವೆ ಎದೆ ನೋಡುವ ಕೊಳವೆ ತೂರಿಸಿ ತುಂಬ ಹೊತ್ತು ಕೇಳಿದರು.

"ಗೆದ್ದಳು" ಅಂದರು. "ಎದೆಯ ಕಫ ಬಿಟ್ಟಿದೆ. ಇನ್ನು ಇದೇ ಶೀತ ಬಂದ್ರೆ ಇವಳ ಮೈಗೆ ಗುರುತು ಸಿಗ್ತದೆ. ಇಷ್ಟು ಕಷ್ಟ ಆಗುವುದಿಲ್ಲ."

ಅತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿದರು. "ಇಷ್ಟು ವರ್ಷ ಆದ್ರೂ ನಿಮ್ಮ ಮೈಗೆ ಗುರುತು ಸಿಗಲಿಲ್ವಾ ಡಾಕ್ಟ್ರೇ?"

ಉತ್ತರ ಕೊಡಲು ಡಾಕ್ಟ್ರು ಬಾಯಿ ತೆರೆದರು. ಬಂದದ್ದು ಸೀನು.